ನನಗೆ ಶಾಲು ಹೊದಿಸಬೇಡಿ

ಮಗಳ ಕಾರಿನ ಡಿಕ್ಕಿಯಲ್ಲಿ ಮೈಕ್ ಸ್ಟ್ಯಾಂಡ್ ಇಡಲು ಹೋದಾಗ ಆ ಕವರ್ ಸಿಕ್ಕಿತು. ಒಳಗೆ ಒಂದು ಶಾಲು, ಒಂದು ಮೈಸೂರು ಪೇಟ, ಒಂದು ಗಂಧದ ಹಾರ. ಯಾರದೋ ಮದುವೆಗೆ ತಂದಿಟ್ಟಿರಬೇಕು ಎಂದುಕೊಂಡು ಪಕ್ಕಕ್ಕೆ ಸರಿಸಿದೆ. ಆಮೇಲೆ ಹೊಳೆಯಿತು. ನಾವಿರುವ ಐರ್ಲೆಂಡಿನ ಈ ಅತ್ಲೋನ್‌ನಲ್ಲಿ ಆ ವಾರ ನಮ್ಮವರ ಪೈಕಿ ಯಾರ ಮನೆಯಲ್ಲೂ ಮದುವೆ ಇರಲಿಲ್ಲ. ಇದ್ದದ್ದು ಊರಾಚೆಯ ಹೊಲದಲ್ಲಿ ಹಾಡಿನ ಹಬ್ಬ ಒಂದೇ. ಪೇಟ ಇಡುವಂಥ ತಲೆ ಆ ಹಬ್ಬದಲ್ಲಿ ನನ್ನದೊಂದೇ.

ನನಗೆ ಸನ್ಮಾನ ಮಾಡಲು ಹೊರಟಿದ್ದರು.

ಸನ್ಮಾನ ಅಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರಸೀಕೆರೆ ಕಡೆ ನಾನೂ ನನ್ನ ಗಂಡನೂ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೆವು. ಮದುವೆ, ಗಣಪತಿ ಪೆಂಡಾಲು, ಹರಿಕಥೆ, ಎಲೆಕ್ಷನ್ನು, ಎಲ್ಲಕ್ಕೂ ನಮ್ಮದೇ ತಗಡಿನ ಕೊಳವೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ವೇದಿಕೆಯ ಪಕ್ಕ ಆಂಪ್ಲಿಫೈಯರ್ ಮುಂದೆ ಕೂತು ನೋಡಿದ ಸನ್ಮಾನಗಳಿಗೆ ಲೆಕ್ಕವಿಲ್ಲ. ಒಂದು ಸಲ ನಾಟಕದ ಕಂಪನಿಯ ಹಾರ್ಮೋನಿಯಂ ಮಾಸ್ತರರಿಗೆ ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು, ಫೋಟೊ ತೆಗೆದರು, ಮಾಸ್ತರರ ಕೈ ಸರಸ್ವತಿಯ ಕೈ ಎಂದು ಭಾಷಣ ಮಾಡಿದರು. ಮರುವರ್ಷ ಅದೇ ಮೈದಾನ, ಅದೇ ನಾಟಕ. ಹಾರ್ಮೋನಿಯಂ ಮುಂದೆ ಬೇರೆಯವನು ಕೂತಿದ್ದ. ಮಾಸ್ತರರು ಮೊದಲನೇ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದರು. ತೊಡೆಯ ಮೇಲೆ ಬೆರಳು ಆಡುತ್ತಿದ್ದವು. ನಾನು ನೋಡುತ್ತಿರುವುದು ಅವರ ಕಣ್ಣಿಗೆ ಬಿತ್ತು. ಕೈಯನ್ನು ಶಾಲಿನ ಒಳಗೆ ಎಳೆದುಕೊಂಡರು.

ಶಾಲು ಹೊದಿಸುವುದು ಕೈ ಮುಚ್ಚುವುದಕ್ಕೆ. ಅಷ್ಟೇ.

ಗಂಡ ತೀರಿಕೊಂಡ ಮೇಲೆ ಮಗಳು ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಅವಳಿಗೆ ಇಲ್ಲಿ ಸಾಫ್ಟ್‌ವೇರ್ ಕೆಲಸ. ಮನೆಯೊಳಗೆ ಕೂತು ಕೂತು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಮೊದಲನೇ ಬೇಸಿಗೆಯಲ್ಲಿ ಎಲ್ಲರೂ ಆ ಹೊಲಕ್ಕೆ ಹೋದೆವು. ಹೊಲದವನು ದನ ಸಾಕುತ್ತಾನೆ, ಬ್ಯಾಂಜೊ ಬಾರಿಸುತ್ತಾನೆ. ಪ್ರತಿ ಬೇಸಿಗೆ ತನ್ನ ಹುಲ್ಲುಗಾವಲಿನಲ್ಲಿ ಬ್ಲೂಗ್ರಾಸ್ ಹಬ್ಬ ಮಾಡುತ್ತಾನೆ. ಬ್ಲೂಗ್ರಾಸ್ ಅಂದರೆ ಅಮೆರಿಕದ ಬೆಟ್ಟದ ಕಡೆಯವರ ಹಾಡು. ಇಲ್ಲಿಂದ ಹಡಗು ಹತ್ತಿ ಹೋದವರ ಪಿಟೀಲು ಅಲ್ಲಿ ಬ್ಯಾಂಜೊ ಜೊತೆ ಸೇರಿ ಹಾಗಾಯಿತು ಎಂದು ಇಲ್ಲಿನವರು ಹೇಳುತ್ತಾರೆ. ನನಗೆ ಗೊತ್ತಿಲ್ಲ, ನಾನು ಆಗ ಇರಲಿಲ್ಲ. ಆವತ್ತು ನಾನು ಹಾಡು ಕೇಳಲಿಲ್ಲ, ನೆಲದ ಮೇಲೆ ಹಾವಿನ ಮರಿಗಳಂತೆ ಬಿದ್ದಿದ್ದ ವೈರುಗಳನ್ನು ನೋಡಿದೆ. ತಡೆಯಲಾಗಲಿಲ್ಲ. ಹೋಗಿ ಸುತ್ತಲು ಶುರು ಮಾಡಿದೆ. ಅವನು ಬಂದು ಏನೋ ಕೇಳಿದ. ಅವನ ಇಂಗ್ಲಿಷು ನನಗೆ ಅರ್ಧ, ನನ್ನದು ಅವನಿಗೆ ಕಾಲು. ಆದರೂ ಮಾರನೆಯ ವರ್ಷ, ಮೈಕಿನ ದನಿ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂತೆ. ಮಗಳು ನನ್ನನ್ನು ಅಮ್ಮ ಎಂದು ಕರೆಯುವುದನ್ನು ಕೇಳಿ ಅವನೂ ಹಾಗೇ ಕರೆಯತೊಡಗಿದ. ಅದು ನನ್ನ ಹೆಸರು ಎಂದುಕೊಂಡಿದ್ದ. ನಾನೂ ತಿದ್ದಲಿಲ್ಲ.

ಕೂತ ಮೇಲೆ ಮೊದಲು ಮಾಡಿದ್ದು ತಪ್ಪು. ಈ ಹಾಡಿನವರಲ್ಲಿ ಹಳೆಯ ಪದ್ಧತಿಯವರು ಆಳಿಗೊಂದು ಮೈಕ್ ಇಟ್ಟುಕೊಳ್ಳುವುದಿಲ್ಲ. ನಡುವೆ ಒಂದೇ ಮೈಕ್, ಸುತ್ತ ನಾಲ್ಕೈದು ಜನ. ಬೀದಿ ನಲ್ಲಿಗೆ ಕೊಡ ಹಿಡಿಯುವ ಹೆಂಗಸರ ಹಾಗೆ ಒಬ್ಬರಾದ ಮೇಲೆ ಒಬ್ಬರು ಹತ್ತಿರ ಬರುತ್ತಾರೆ, ತಮ್ಮ ಸರದಿ ಬಾರಿಸುತ್ತಾರೆ, ಹಿಂದೆ ಸರಿಯುತ್ತಾರೆ. ಜಗಳ ಮಾತ್ರ ಇಲ್ಲ. ನಮ್ಮ ಕಡೆ ಮೈಕ್ ಸೆಟ್ಟಿನವರ ಕೈ ಸುಮ್ಮನಿರಬಾರದು. ದಾಸರು ದನಿ ತಗ್ಗಿಸಿದರೆ ನಾವು ಏರಿಸಬೇಕು, ಕೂಗಿದರೆ ಇಳಿಸಬೇಕು, ಶಾಸಕರು ಬಂದರೆ ಪೂರಾ ತಿರುಗಿಸಬೇಕು, ಅದು ಮರ್ಯಾದೆ. ಅದೇ ಅಭ್ಯಾಸದಲ್ಲಿ ಇಲ್ಲಿ ಮ್ಯಾಂಡೊಲಿನ್‌ನವನು ಮುಂದೆ ಬಂದ ಕೂಡಲೇ ನಾನು ಏರಿಸಿದೆ. ಅವನು ಮೊದಲೇ ಮೈಕಿನ ಬಾಯಿಗೆ ಬಂದಿದ್ದ. ಹೊಲವೆಲ್ಲ ತಗಡು ಬಡಿದ ಹಾಗಾಯಿತು. ಹಿಂದೆ ಸರಿದಾಗ ಇಳಿಸಿದೆ; ಅವನು ಸತ್ತೇ ಹೋದನೇನೋ ಎನ್ನುವ ಹಾಗೆ ಮಾಯವಾದ. ಹೊಲದವನು ಬಂದು ನನ್ನ ಕೈ ಹಿಡಿದುಕೊಂಡ.

"ಅಮ್ಮ, ಬಿಡು. ಅದನ್ನು ಅವರು ಕಾಲಿನಲ್ಲಿ ಮಾಡುತ್ತಿದ್ದಾರೆ."

ಜೀವಮಾನವೆಲ್ಲ ಕೈ ಆಡಿಸಿದವಳು ಆ ಬೇಸಿಗೆ ಪೂರ್ತಿ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಮೈಕಿನ ಎತ್ತರ ಸರಿ ಮಾಡು, ಸ್ಪೀಕರ್ ಮೈಕಿಗಿಂತ ಮುಂದೆ ಇಡು, ಮಳೆಗೆ ಪ್ಲಾಸ್ಟಿಕ್ ಹೊದಿಸು, ಎಲ್ಲಾದರೂ ಕಿರುಚುವ ಲಕ್ಷಣ ಕಂಡರೆ ಅಲ್ಲಿ ಮಾತ್ರ ಕೈ ಹಾಕು. ಉಳಿದಂತೆ ಸುಮ್ಮನಿರು. ಕಲಿತೆ. ಆಮೇಲಿನ ಬೇಸಿಗೆಗಳಲ್ಲಿ ದೊಡ್ಡ ಸ್ಟೇಜ್ ನನ್ನದೇ ಆಯಿತು. ಪ್ಯಾಂಟು, ಅಳಿಯನ ಮಳೆಕೋಟು, ಮೊಣಕಾಲುದ್ದದ ರಬ್ಬರ್ ಬೂಟು. ಸೀರೆ ಉಟ್ಟು ಕೆಸರಿನಲ್ಲಿ ವೈರ್ ಎಳೆಯಲು ಆಗುವುದಿಲ್ಲ. ಅದರ ಬಗ್ಗೆ ನಮ್ಮವರಲ್ಲಿ ಯಾರಿಗೆ ಏನನ್ನಿಸಿತು ಎಂದು ನಾನು ವಿಚಾರಿಸಲು ಹೋಗಿಲ್ಲ.

ಈಗ ಆ ಜಾಗಕ್ಕೆ ಪೇಟ ತಂದಿಟ್ಟಿದ್ದರು.

ಮಗಳು ಆಫೀಸಿನಿಂದ ಬರುವ ಹೊತ್ತಿಗೆ ಪೇಟವನ್ನು ಊಟದ ಮೇಜಿನ ಮೇಲೆ, ಸಾರಿನ ಪಾತ್ರೆಯ ಪಕ್ಕ ಇಟ್ಟಿದ್ದೆ.

"ಇದೇನೇ?"

"ಅಯ್ಯೋ, ಡಿಕ್ಕಿ ಯಾಕ್ ತೆಗ್ದೆ ನೀನು? ಸರ್‌ಪ್ರೈಸ್ ಅಂತ ಇಟ್ಟಿದ್ದೆ."

"ಯಾರಿಗೆ?"

"ಇನ್ಯಾರಿಗೆ, ನಿಂಗೇ. ನಮ್ ಕನ್ನಡದವ್ರೆಲ್ಲ ಬರ್ತಿದಾರೆ. ಸ್ಟೇಜ್ ಮೇಲೆ ಕರ್ದು, ಶಾಲು ಹೊದ್ಸಿ, ಎರಡ್ ಮಾತ್ ಆಡ್ತಾರೆ. ಆಮೇಲೆ ನೀನು ಫ್ರಂಟ್ ರೋನಲ್ಲಿ ಕೂತ್ಕೊಂಡು ಆರಾಮಾಗಿ ಹಾಡು ಕೇಳು."

"ಮಿಕ್ಸರ್ ತಾವ ಯಾರು ಕೂತ್ಕೊತಾರೆ?"

ಅವಳು ಫ್ರಿಜ್ ತೆಗೆದು ಒಳಗೆ ನೋಡಿದಳು. ಏನನ್ನೂ ತೆಗೆದುಕೊಳ್ಳದೆ ಮುಚ್ಚಿದಳು.

"ಯಾವ್ದೋ ಕಂಪನಿಯವ್ರು ಬರ್ತಾರಂತೆ."

"ಅಂತೆ ಅಂದ್ರೆ? ನಿಂಗ್ಯಾರು ಹೇಳಿದ್ದು?"

"ನಾನೇ ಆ ಹೊಲದವ್ರಿಗೆ ಫೋನ್ ಮಾಡಿ ಕರ್ಸಿ ಅಂದೆ." ನಂತರ ಒಂದೇ ಉಸಿರಿಗೆ ಹೇಳಿದಳು: "ಅಮ್ಮ, ನಿಂಗೆ ಕಿವಿ ಕೇಳ್ಸಲ್ಲ. ಕುಕ್ಕರ್ ಕೂಗಿದ್ರೆ ಗೊತ್ತಾಗಲ್ಲ. ಓವನ್ ಬೀಪ್ ಅಂದ್ರೆ ಗೊತ್ತಾಗಲ್ಲ. ಪಾಪು ಹಿಂದಿಂದ ಕರೆದ್ರೆ ಹೋಗ್ತಾನೇ ಇರ್ತೀಯ. ಹಾಸ್ಪಿಟಲ್ಲಲ್ಲಿ ಕೊಟ್ಟ ಮೆಷೀನ್ ಡ್ರಾಯರ್‌ನಲ್ಲಿ ಬಿದ್ದಿದೆ. ನಾನೇನ್ ಸುಳ್ ಹೇಳ್ತಿದೀನಾ?"

ಸುಳ್ಳಲ್ಲ. ಎಡಗಿವಿ ಹೋಗಿದೆ. ಬಲಗಿವಿಯಲ್ಲಿ ಕೆಳಗಿನ ದನಿ ಎಲ್ಲ ಇದೆ, ಮೇಲಿನ ದನಿ ಇಲ್ಲ. ತಗಡಿನ ಕೊಳವೆಯ ಪಕ್ಕ ಅಷ್ಟು ವರ್ಷ ಕೂತವಳ ಕಿವಿ ಮತ್ತೇನಾಗುತ್ತದೆ? ಆ ಮೆಷೀನ್ ಹಾಕಿಕೊಂಡರೆ ಮಾತು ಕೇಳುತ್ತದೆ, ಸರಿ. ಆದರೆ ಬ್ಯಾಂಜೊ ಬಾರಿಸಿದರೆ ಸ್ಟೀಲ್ ತಟ್ಟೆಗಳನ್ನು ಮಹಡಿಯಿಂದ ಎಸೆದ ಹಾಗೆ ಕೇಳುತ್ತದೆ. ಅದನ್ನು ಇಟ್ಟುಕೊಂಡು ಮಿಕ್ಸರ್ ಮುಂದೆ ಕೂರಲು ಸಾಧ್ಯವಿಲ್ಲ. ಹಾಗಾಗಿ ಡ್ರಾಯರ್‌ನಲ್ಲಿದೆ.

"ಕಿವಿ ಹೋದ್ರೆ ಹೋಯ್ತು," ಅಂದೆ. "ನನ್ನ ಕೇಳ್ದೆ ಫೋನ್ ಮಾಡಕ್ಕೆ ನೀನ್ಯಾವಳೇ?"

"ಮಗಳು!"

"ಮಗಳಾದ್ರೆ ಮಗಳ ಥರ ಇರು. ಅಧ್ಯಕ್ಷೆ ಥರ ಆಡಬೇಡ."

ಆ ರಾತ್ರಿ ಊಟದ ಮೇಜಿನಲ್ಲಿ ಪೇಟ ಒಂದೇ ನೆಟ್ಟಗೆ ಕೂತಿತ್ತು.

ಬೆಳಿಗ್ಗೆ ಬಸ್ ಹತ್ತಿ ಕ್ರಾಸಿನಲ್ಲಿ ಇಳಿದು ನಡೆದು ಹೋದೆ. ಹಬ್ಬಕ್ಕೆ ಇನ್ನೊಂದೇ ದಿನ ಇತ್ತು. ಹೊಲದವನು ಬೇಲಿಗೆ ಗೂಟ ಹೊಡೆಯುತ್ತಿದ್ದ. ನನ್ನನ್ನು ನೋಡಿ ಸುತ್ತಿಗೆ ಕೆಳಗಿಟ್ಟ. ನಾನು ಬಂದದ್ದು ಯಾಕೆ ಎಂದು ಅವನಿಗೆ ಗೊತ್ತಿತ್ತು. ನನ್ನ ಹರಕು ಇಂಗ್ಲಿಷಿನಲ್ಲಿ, ಕೈ ಮಾಡಿ, ನಡುವೆ ಕನ್ನಡ ಸೇರಿಸಿ ಕೇಳಿದೆ.

"ಕಂಪನಿಯವರನ್ನು ಕರೆದಿದ್ದೀಯಾ?"

"ಕರೆದಿದ್ದೇನೆ."

"ನನ್ನ ಬೆನ್ನ ಹಿಂದೆ."

"ಹೌದು, ಅಮ್ಮ. ಅದು ಸರಿಯಲ್ಲ." ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. "ಆದರೆ ಹೋದ ವರ್ಷ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಪಿಟೀಲು ಕಿರುಚುತ್ತಿತ್ತು. ಒಂದು ಮಗು ಅತ್ತಿತು. ನೀನು ನಗುತ್ತಾ ತಾಳ ಹಾಕುತ್ತಿದ್ದೆ."

ಇದು ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಒಂದು ವರ್ಷ ಎಲ್ಲರೂ ಬಾಯಿ ಮುಚ್ಚಿಕೊಂಡು, ಈಗ ಒಟ್ಟಿಗೆ ಸೇರಿ ಶಾಲು ಕೊಂಡು ತಂದಿದ್ದರು. ತಪ್ಪು ನನ್ನದೇ. ತಪ್ಪು ಮಾಡಿದವರು ಹಠ ಹಿಡಿಯಬಾರದು ಎಂದು ಯಾರು ಹೇಳಿದರು?

"ಸಣ್ಣ ಸ್ಟೇಜ್ ಕೊಡು," ಅಂದೆ.

ಸಣ್ಣ ಸ್ಟೇಜ್ ಅಂದರೆ ಹುಲ್ಲಿನ ಕೊಟ್ಟಿಗೆಯ ಮಗ್ಗುಲಲ್ಲಿ ನಿಲ್ಲಿಸಿದ ಟ್ರಾಕ್ಟರ್ ಟ್ರೈಲರ್. ಮೇಲೆ ಒಂದು ಟಾರ್ಪಾಲು, ಎರಡು ಸ್ಪೀಕರ್, ಒಂದು ಮೈಕ್. ಹೆಸರಿಲ್ಲದ ತಂಡಗಳು, ಮೊದಲ ಸಲ ಬಂದವರು, ಅಲ್ಲಿ ಬಾರಿಸುತ್ತಾರೆ.

ಅವನು ತಲೆ ಕೆರೆದುಕೊಂಡ. "ಕಿರುಚಿದರೆ?"

"ನೀನೇ ಬಂದು ಸ್ವಿಚ್ ತೆಗೆ."

"ಒಂದೇ ಸಲ, ಅಮ್ಮ. ಒಂದು ಸಲ ಜನ ಕಿವಿ ಮುಚ್ಚಿಕೊಂಡರೆ ನಾನು ಸ್ವಿಚ್ ತೆಗೆಯುತ್ತೇನೆ. ಆಮೇಲೆ ಈ ಹೊಲಕ್ಕೆ ನೀನು ಹಾಡು ಕೇಳಲು ಮಾತ್ರ ಬರುವುದು."

"ಆಗಲಿ."

"ಶಾಲು?"

"ನಿನ್ನ ಹಸುವಿಗೆ ಹೊದಿಸು."

"ಗ್ರ್ಯಾಂಡ್," ಅಂದ. ಇಲ್ಲಿನವರ ಬಾಯಲ್ಲಿ ಅದಕ್ಕೆ ‘ಸರಿ, ಆಯ್ತು’ ಎಂದರ್ಥ. ಸುತ್ತಿಗೆ ಎತ್ತಿಕೊಂಡ.

ಹಬ್ಬದ ದಿನ ಮಳೆ ಇರಲಿಲ್ಲ, ಗಾಳಿ ಇತ್ತು. ಈ ದೇಶದ ಬಯಲಿನ ಗಾಳಿ ಮೈಕಿಗೆ ಮಳೆಗಿಂತ ದೊಡ್ಡ ಶತ್ರು. ಕಂಪನಿಯ ಹುಡುಗನನ್ನು ದ್ವೇಷಿಸಬೇಕೆಂದು ಮನೆಯಿಂದಲೇ ತೀರ್ಮಾನ ಮಾಡಿಕೊಂಡು ಹೋಗಿದ್ದೆ. ಅವನು ನೋಡಿದರೆ ವೈರನ್ನು ಅಚ್ಚುಕಟ್ಟಾಗಿ ಸುತ್ತುತ್ತಿದ್ದ. ನನ್ನ ಮೈಕಿಗೆ ಗಾಳಿ ತಡೆಯುವ ತುಪ್ಪಳದ ಟೋಪಿ ಇಲ್ಲದ್ದನ್ನು ಕಂಡು ತನ್ನ ಹತ್ತಿರ ಇದ್ದದ್ದನ್ನು ತಂದು ಕೊಟ್ಟ. ಅವನನ್ನು ಬೈಯಲು ಏನೂ ಸಿಗಲಿಲ್ಲ. ಅದೊಂದು ಬೇಜಾರು.

ನಮ್ಮ ಕನ್ನಡದವರು ಅತ್ಲೋನ್‌ನಿಂದಲೂ ಬ್ಲಾಂಚರ್ಡ್ಸ್‌ಟೌನ್‌ನಿಂದಲೂ ಬಂದು ದೊಡ್ಡ ಸ್ಟೇಜಿನ ಮುಂದೆ ಜಮಖಾನ ಹಾಸಿ ಕೂತಿದ್ದರು. ಸನ್ಮಾನ ಇಲ್ಲ ಎಂದು ಗೊತ್ತಾದ ಮೇಲೆ ಹಣ್ಣಿನ ಬುಟ್ಟಿಯ ಸೇಬುಗಳನ್ನು ಮಕ್ಕಳಿಗೆ ಹಂಚಿದರಂತೆ. ಒಳ್ಳೆಯದೇ ಆಯಿತು. ಒಬ್ಬರು ಹಿರಿಯರು ನನ್ನ ಟ್ರೈಲರ್ ತನಕ ಬಂದು, "ಏನಮ್ಮ, ಇಷ್ಟ್ ವಯಸ್ಸಾದ್ಮೇಲೂ ಇದೆಲ್ಲ ಬೇಕಾ ನಿಮಗೆ?" ಎಂದರು.

"ನಿಮಗೆ ಈ ವಯಸ್ಸಲ್ಲಿ ಐಸ್‌ಕ್ರೀಮ್ ಬೇಕಾಗೈತಲ್ಲ," ಅಂದೆ. ಅವರ ಕೈಯಲ್ಲಿ ಇತ್ತು. ಸೋರುತ್ತಿತ್ತು. ಹೋದರು.

ಮಗಳು ಬಂದು ನನ್ನ ಬಲಗಡೆ ಎರಡು ಮಾರು ದೂರದಲ್ಲಿ ಕೈ ಕಟ್ಟಿಕೊಂಡು ನಿಂತಳು. ನಾನು ಬಿದ್ದರೆ ಎತ್ತಲು ಬಂದಿದ್ದಳೋ, ಸೋತರೆ ನೋಡಲು ಬಂದಿದ್ದಳೋ, ಕೇಳಲಿಲ್ಲ.

ಮೊದಲ ತಂಡ ಸುಸೂತ್ರವಾಗಿ ಮುಗಿಯಿತು. ಗಿಟಾರು, ಬ್ಯಾಂಜೊ, ಆಳೆತ್ತರದ ಬೇಸ್. ಎಲ್ಲ ನನಗೆ ಕೇಳುವ ದನಿಗಳು. ಎರಡನೆಯ ತಂಡದಲ್ಲಿ ಪಿಟೀಲು ಇತ್ತು. ಒಬ್ಬಳು ತೆಳ್ಳಗಿನ ಹೆಂಗಸು, ಕೂದಲನ್ನು ಗಾಳಿಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ಬಾರಿಸುವವಳು. ಹೆದರಿಕೆ ಇರಲಿಲ್ಲ ಎಂದು ಹೇಳಿಕೊಳ್ಳುವವಳು ನಾನಲ್ಲ. ಹಾಡು ಶುರುವಾಯಿತು. ಟ್ರೈಲರ್ ಮುಂದೆ ಹುಲ್ಲಿನ ಪೆಂಡಿಗಳ ಮೇಲೆ ಜನ ಕೂತಿದ್ದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಬ್ಯಾಂಜೊದವನು ಬಂದ, ಹೋದ. ಪಿಟೀಲಿನವಳು ಮೈಕಿಗೆ ಬಂದಳು.

ನನಗೆ ಎಲ್ಲ ಚೆನ್ನಾಗಿಯೇ ಕೇಳಿತು. ಜೇನಿನ ಹಾಗಿತ್ತು. ಏನು ಹೇಳುತ್ತಾಳೆ ನೋಡೋಣ ಎಂದು ಮಗಳ ಕಡೆ ತಿರುಗಿದೆ.

ಅವಳ ಮುಖ ಹುಣಸೆಹಣ್ಣು ತಿಂದವಳ ಹಾಗೆ ಕಿವುಚಿಕೊಂಡಿತ್ತು. ಒಂದು ಭುಜ ಕಿವಿಯ ಹತ್ತಿರ ಏರಿತ್ತು.

ಅದು ನನ್ನ ಮೇಲಿನ ಸಿಟ್ಟಲ್ಲ. ಅವಳ ಸಿಟ್ಟಿನ ಮುಖ ನನಗೆ ಅವಳು ಹುಟ್ಟಿದಾಗಿನಿಂದ ಗೊತ್ತು. ಸಿಟ್ಟಿಗೆ ಭುಜ ಏರುವುದಿಲ್ಲ. ಮೇಲಿನ ದನಿಯ ಗುಂಡಿಗೆ ಕೈ ಹಾಕಿ ಇಳಿಸಿದೆ. ಭುಜ ಇಳಿಯಿತು. ಇನ್ನೂ ಇಳಿಸಿದೆ. ಹಣೆಯ ಗೆರೆ ಹೋಯಿತು. ಪರೀಕ್ಷೆಗೆಂದು ಒಂದು ಕೂದಲೆಳೆ ಏರಿಸಿದೆ. ಮತ್ತೆ ಕಿವುಚಿತು.

"ಏನಾಯ್ತೇ?"

"ಕಿರುಚ್ತಾ ಇದೆ ಅಮ್ಮ! ಕಿವಿಗೆ ಸೂಜಿ ಚುಚ್ಚಿದ ಹಂಗೆ. ನಿಂಗೆ ನಿಜವಾಗ್ಲೂ..."

"ಈಗ?"

"ಈಗ ಪರ್ವಾಗಿಲ್ಲ."

"ಅಲ್ಲೇ ನಿಂತ್ಕೊ. ಅಲ್ಲಾಡಬೇಡ."

"ನಾನ್ ಟೀ ತರಕ್ಕೆ ಹೋಗ್ಬೇಕು."

"ಟೀ ಆಮ್ಯಾಕೆ. ಮುಖ ಈ ಕಡೆ ತಿರುಗಿಸು."

ಅಷ್ಟರಲ್ಲಿ ಹೊಲದವನು ಬೆನ್ನಿಗೆ ಬ್ಯಾಂಜೊ ನೇತು ಹಾಕಿಕೊಂಡು ದೊಡ್ಡ ಹೆಜ್ಜೆ ಹಾಕುತ್ತಾ ಬರುತ್ತಿದ್ದುದು ಕಂಡಿತು. ನೇರ ಸ್ವಿಚ್ ಬೋರ್ಡಿನ ಕಡೆಗೆ. ಅವನಿಗೆ ಅಷ್ಟು ದೂರಕ್ಕೂ ಕೇಳಿಸಿತ್ತು. ಬಂದು ಬೋರ್ಡಿನ ಪಕ್ಕ ನಿಂತ.

"ಕಿರುಚಿತು, ಅಮ್ಮ."

"ಕಿರುಚಿತು. ನಿಲ್ಲಿಸಿದೆ."

"ನಿನಗೆ ಹೇಗೆ ಗೊತ್ತಾಯಿತು?"

ಮಗಳನ್ನು ತೋರಿಸಿದೆ. "ಇವಳ ಮುಖ ನೋಡಿ."

ಅವನು ಅವಳ ಮುಖ ನೋಡಿದ. ಅವನು ಹಾಗೆ ದಿಟ್ಟಿಸಿದ್ದಕ್ಕೆ ಅವಳು ಮುಖ ಇನ್ನಷ್ಟು ಗಂಟು ಹಾಕಿಕೊಂಡಳು. ಅವನಿಗೆ ನಗು ಬಂತು, ಆದರೆ ಕೈ ಬೋರ್ಡಿನ ಮೇಲೇ ಇತ್ತು.

"ಒಂದೇ ಸಲ ಅಂದಿದ್ದೆ."

"ಅಂದಿದ್ದೆ. ನಾನೂ ಒಪ್ಪಿದ್ದೆ. ಜನ ಕಿವಿ ಮುಚ್ಚಿಕೊಂಡರಾ, ಮುಂದೆ ಹೋಗಿ ನೋಡು. ಮುಚ್ಚಿಕೊಂಡಿದ್ದರೆ ಬಂದು ತೆಗೆ. ಆದರೆ ಅವಳ ಸರದಿ ಮುಗಿಯಲಿ. ಬಾರಿಸುವವಳ ನಡುವೆ ಕರೆಂಟು ತೆಗೆದರೆ ಅವಳು ಏನು ಪಾಪ ಮಾಡಿದ್ದಾಳೆ?"

ಅವನು ಮುಂದೆ ಹೋದ. ಹುಲ್ಲಿನ ಪೆಂಡಿಗಳ ಪಕ್ಕ ನಿಂತು ಒಬ್ಬೊಬ್ಬರ ಮುಖ ನೋಡಿದ. ಪಿಟೀಲಿನ ಸರದಿ ಮುಗಿಯಿತು, ಹಾಡು ಮುಗಿಯಿತು, ಚಪ್ಪಾಳೆ ಬಿತ್ತು. ಅವನು ಅಲ್ಲೇ ನಿಂತಿದ್ದ. ಇನ್ನೊಂದು ಹಾಡು ಶುರುವಾಯಿತು. ನಾನು ಅವನ ಕಡೆ ನೋಡಲಿಲ್ಲ, ಮಗಳ ಹಣೆಯನ್ನೇ ನೋಡುತ್ತಿದ್ದೆ. ಪಿಟೀಲಿನವಳು ಮತ್ತೆ ಬಂದಳು. ಹಣೆ ನುಣ್ಣಗಿತ್ತು. ದೊಡ್ಡ ಸ್ಟೇಜಿನಲ್ಲಿ ಅವನದೇ ತಂಡವನ್ನು ಕೂಗಿ ಕರೆದರು. ಹೋಗುವಾಗ ಬೋರ್ಡಿನ ಪಕ್ಕದಲ್ಲೇ ಹಾದುಹೋದ. ಸ್ವಿಚ್ ಮುಟ್ಟಲಿಲ್ಲ.

"ಹೋದ್ನಾ?" ಎಂದು ಮಗಳನ್ನು ಕೇಳಿದೆ.

"ಹೋದ. ಅಮ್ಮ, ನಂಗೆ ಕಾಲು ನೋಯ್ತಿದೆ."

"ನಂಗೂ ನೋಯ್ತೈತೆ. ನಾನು ಹೇಳ್ತಾ ಇದೀನಾ?"

ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ಅವಳನ್ನು ಸ್ಪೀಕರಿಗೆ ಎದುರಾಗಿ, ನನಗೆ ಮುಖ ಕಾಣುವ ಹಾಗೆ ಕೂರಿಸಿದೆ. ಮೊದಮೊದಲು ಬಾಯಲ್ಲಿ ಹೇಳುತ್ತಿದ್ದಳು: ಚೂಪು, ಸರಿ, ಚೂಪು. ಹಾಡಿನ ನಡುವೆ ಅವಳ ಮಾತೂ ನನಗೆ ಸರಿಯಾಗಿ ಕೇಳುತ್ತಿರಲಿಲ್ಲ, ಅದಕ್ಕೆ ಬೈದೆ. ಆಮೇಲೆ ಕೈಯನ್ನು ಮೇಲೆ ಕೆಳಗೆ ಆಡಿಸಲು ಶುರು ಮಾಡಿದಳು. ಅದಕ್ಕೂ ಬೈದೆ. ಅವಳಿಗೆ ಅನ್ನಿಸಿದ್ದು ನನಗೆ ಬೇಕಿರಲಿಲ್ಲ, ಅವಳ ಕಿವಿಗೆ ಆದದ್ದು ಮಾತ್ರ ಬೇಕಿತ್ತು. ಕೈ ಯೋಚನೆ ಮಾಡಿ ಏಳುತ್ತದೆ. ಮುಖ ಯೋಚನೆ ಮಾಡುವುದಿಲ್ಲ. ಕೊನೆಗೆ ಅವಳೂ ಬಿಟ್ಟುಕೊಟ್ಟು, ಟೀ ಕುಡಿಯುತ್ತಾ, ಫೋನ್ ನೋಡುತ್ತಾ, ಸುಮ್ಮನೆ ಕೂತಳು. ಆಗ ಕೆಲಸ ಸಲೀಸಾಯಿತು. ನಡುವೆ ಯಾವುದೋ ಹಾಡಿಗೆ ಅವಳ ಕಾಲು ಕುಣಿಯುತ್ತಿತ್ತು. ಅವಳಿಗೆ ಗೊತ್ತಾಗಿರಲಿಲ್ಲ. ಹೇಳಿದರೆ ನಿಲ್ಲಿಸುತ್ತಾಳೆ ಎಂದು ಹೇಳಲಿಲ್ಲ.

ಕೊನೆಯ ತಂಡ ಇಳಿದು ಹೋದ ಮೇಲೆ, ಇನ್ನೂ ಬಿಸಿಲಿರುವಾಗಲೇ, ಹೊಲದವನು ಬಂದ. ನನ್ನ ಕಡೆ ಬರಲಿಲ್ಲ. ಮಗಳ ಕುರ್ಚಿಯ ಹತ್ತಿರ ಹೋಗಿ, "ಮುಂದಿನ ವರ್ಷ ನೀನು ಬರುತ್ತೀಯಾ?" ಎಂದು ಕೇಳಿದ.

"ನಾನಾ? ನನಗೆ ಸೌಂಡ್ ಬಗ್ಗೆ ಏನೂ ಗೊತ್ತಿಲ್ಲ," ಎಂದಳು ಅವಳು.

"ಗೊತ್ತಿರುವುದು ಬೇಡ. ಕೂತರೆ ಸಾಕು."

ನನಗೆ ಮೈ ಉರಿಯಿತು. ಕೆಲಸ ಮಾಡಿದ್ದು ನಾನು, ಕರೆಯುವುದು ಅವಳನ್ನು. "ಮೊದಲು ನನ್ನನ್ನು ಕೇಳು," ಎಂದೆ. "ದೊಡ್ಡ ಸ್ಟೇಜ್ ಕೊಟ್ಟರೆ ಬರುತ್ತೇನೆ. ಇವಳನ್ನೂ ಕರೆದುಕೊಂಡು ಬರುತ್ತೇನೆ."

"ಅಮ್ಮ! ನಾನೇನ್ ನಿನ್ ಮೈಕ್ ಸ್ಟ್ಯಾಂಡಾ, ಎತ್ಕೊಂಡು ಓಡಾಡಕ್ಕೆ?"

"ಅಲ್ಲ. ಸ್ಟ್ಯಾಂಡು ಎದುರು ಮಾತಾಡಲ್ಲ."

ಹೊಲದವನು ನಮ್ಮಿಬ್ಬರ ಕನ್ನಡ ಅರ್ಥವಾದವನ ಹಾಗೆ ನಕ್ಕ. ಸಣ್ಣ ಸ್ಟೇಜ್ ನಿನ್ನದೇ ಎಂದ, ಎಷ್ಟು ವರ್ಷ ಬೇಕಾದರೂ ಇಟ್ಟುಕೋ ಎಂದ. ದೊಡ್ಡದರ ಮಾತಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಹಸುಗಳ ಕಡೆ ಹೋದ.

ಇವತ್ತಿಗೂ ಉತ್ತರ ಕೊಟ್ಟಿಲ್ಲ. ನಾನು ವಾರ ವಾರ ಫೋನ್ ಮಾಡಿ ಕೇಳುತ್ತಿದ್ದೇನೆ. ಅವನು ಹೇಳುವುದು ನನಗೆ ಸರಿಯಾಗಿ ಕೇಳುವುದಿಲ್ಲ, ಅದಕ್ಕೆ ಫೋನನ್ನು ಸ್ಪೀಕರಿಗೆ ಹಾಕಿ ಮಗಳನ್ನು ಎದುರಿಗೆ ಕೂರಿಸಿಕೊಳ್ಳುತ್ತೇನೆ.